ಅಮಾವಾಸ್ಯೆ ಬೇಡ, ಪಂಚಮಿಗೆ ಹತ್ತಿ: ಕೋಕಣಕಡಾದಲ್ಲಿ ರಾತ್ರಿ ಆಕಾಶದ ಫೋಟೊ

ರಾತ್ರಿ ಆಕಾಶದ ಫೋಟೊ ಅಂದ ಕೂಡಲೇ ಎಲ್ಲರೂ ಹೇಳುವುದು ಅಮಾವಾಸ್ಯೆಗೆ ಹೋಗಿ ಅಂತ. ನಾನೂ ಮೊದಲ ಎರಡು ಸಲ ಹಾಗೇ ಪುಣೆಯಿಂದ ಬ್ಯಾಗ್ ಹೊತ್ತು ಸಹ್ಯಾದ್ರಿಯ ಕೋಟೆಬೆಟ್ಟ ಹರಿಶ್ಚಂದ್ರಗಡ ಹತ್ತಿದೆ. ಮೇಲೆ ಆಕಾಶಗಂಗೆ ಚೆನ್ನಾಗಿಯೇ ಬಂತು. ಕೆಳಗೆ? ಮಸಿ ಬಳಿದಂತೆ ಕಪ್ಪು. ಇದು ಆ ಬೆಟ್ಟದ ಪ್ರಪಾತ ಕೋಕಣಕಡಾ ಅಂತ ನಾನು ಹೇಳಬೇಕು, ನೋಡಿದವರು ನಂಬಬೇಕು, ಅಷ್ಟೇ.

ತಪ್ಪು ಕ್ಯಾಮೆರಾದ್ದಲ್ಲ, ಕಲ್ಲಿನದ್ದು. ಸಹ್ಯಾದ್ರಿಯ ಈ ಭಾಗವೆಲ್ಲ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಪದರ ಪದರವಾಗಿ ಗಟ್ಟಿಯಾದ ಬಸಾಲ್ಟ್. ಕಪ್ಪು ಕಲ್ಲು ಬೆಳಕನ್ನು ನುಂಗಿಬಿಡುತ್ತದೆ. ಬರೀ ನಕ್ಷತ್ರದ ಬೆಳಕು ಅದಕ್ಕೆ ಎಲ್ಲಿ ಸಾಕು? ಸ್ವಲ್ಪ ಚಂದ್ರ ಬೇಕು, ಆದರೆ ಆಕಾಶ ತೆಗೆಯುವ ಹೊತ್ತಿಗೆ ಅವನು ಅಲ್ಲಿರಬಾರದು. ಹಾಗಾಗಿ ಚಂದ್ರ ಇರುವಾಗ ಬಂಡೆ, ಅವನು ಮುಳುಗಿದ ಮೇಲೆ ಆಕಾಶ, ಹೀಗೆ ಬೇರೆ ಬೇರೆ ತೆಗೆದು ಮನೆಯಲ್ಲಿ ಸೇರಿಸುವುದು.

ಮೊದಲು ದಿನ ಗೊತ್ತು ಮಾಡಿ. ಆ್ಯಪ್ ಇದ್ದರೆ ಸರಿ, ಇಲ್ಲದಿದ್ದರೆ ಮನೆಯ ಪಂಚಾಂಗ ಸಾಕು. ನನಗೆ ಒಗ್ಗಿದ ದಿನ ವೈಶಾಖ ಶುಕ್ಲ ಪಂಚಮಿ, ಅಂದರೆ ಅಕ್ಷಯ ತೃತೀಯ ಮುಗಿದ ಎರಡು ದಿನಕ್ಕೆ. ಅವತ್ತು ಚಂದ್ರ ಸಂಜೆಯಿಂದ ಪಶ್ಚಿಮದಲ್ಲಿದ್ದು ರಾತ್ರಿ 11ರ ಸುಮಾರಿಗೆ ಮುಳುಗುತ್ತಾನೆ. ಕೋಕಣಕಡಾ ಪಶ್ಚಿಮಕ್ಕೆ ಮುಖ ಮಾಡಿದ ಪ್ರಪಾತ, ಹಾಗಾಗಿ ಬೆಳಕು ನೇರ ಅದರ ಮುಖಕ್ಕೇ ಬೀಳುತ್ತದೆ. ಅವನು ಮುಳುಗಿದ ಮೇಲೆ ಪೂರ್ತಿ ಕತ್ತಲು. ಬಿದಿಗೆ, ತದಿಗೆಯ ಚಂದ್ರ ಸಾಲುವುದಿಲ್ಲ. ಅಷ್ಟಮಿಯಾದರೆ ಅವನು ಮುಳುಗುವಷ್ಟರಲ್ಲಿ 1 ಗಂಟೆ ದಾಟುತ್ತದೆ. ಜೂನ್ ಬಂದರೆ ಮಳೆ, ಕತೆ ಮುಗೀತು.

ಹಗಲಲ್ಲೇ ಜಾಗ ನೋಡಿ. ನಾರಾಯಣಗಾಂವ್, ಆಳೆ ಫಾಟಾ ದಾಟಿ ಮಾಳಶೇಜ್ ಘಾಟಿನ ಮೊದಲು ಖುಬಿ ಫಾಟಾ ಸಿಗುತ್ತದೆ, ಅಲ್ಲಿಂದ ಖಿರೇಶ್ವರ. ಖಿರೇಶ್ವರದಿಂದ ಟೋಲಾರ್ ಖಿಂಡ್ ಮೂಲಕ ಟ್ರೈಪಾಡ್ ಹೊತ್ತು ಹತ್ತಲು ನಾಲ್ಕೈದು ಗಂಟೆ ಬೇಕು. ಪಾಚನಈ ಕಡೆಯಿಂದ ಹತ್ತುವುದು ಸುಲಭ, ಆದರೆ ನಮಗೆ ರಸ್ತೆ ಉದ್ದ. ಇದು ವನ್ಯಜೀವಿ ಅಭಯಾರಣ್ಯದೊಳಗಿನ ಜಾಗ. ಟೆಂಟ್ ಹಾಕಬಹುದಾ, ಎಲ್ಲಿ ಹಾಕಬೇಕು ಅನ್ನುವುದನ್ನು ಊರಿನಲ್ಲೇ ಕೇಳಿಕೊಂಡು ಹೋಗಿ. ಬೆಂಕಿ ಹಾಕಬೇಡಿ.

ಕಡಾದ ಅಂಚು ಬಿಲ್ಲಿನಂತೆ ಬಾಗಿದೆ. ಉತ್ತರದ ಕಡೆ ನಿಂತರೆ ದಕ್ಷಿಣದ ತೋಳು ಪೂರ್ತಿ ಕಾಣುತ್ತದೆ, ಆಕಾಶಗಂಗೆಯ ದಟ್ಟ ಭಾಗ ಬರುವುದೂ ಆ ದಿಕ್ಕಿಗೇ. ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ಟ್ರೈಪಾಡ್ ಇಟ್ಟು, ಬೆಳಕಿರುವಾಗಲೇ ಫ್ರೇಮ್ ನೋಡಿ. ನಂತರ ಮೂರು ಕಾಲಿನ ಬುಡಕ್ಕೂ ಒಂದೊಂದು ಕಲ್ಲು ಒತ್ತಿ ಗುರುತು ಮಾಡಿ. ಊಟ ಕೊಟ್ಟ ಮಾಮಾ ಹೊರಡುವಾಗ ಹೇಳಿದ್ದು ಒಂದೇ ಮಾತು: "ರಾತ್ರೀ ಕಡ್ಯಾವರ ಜಾಊ ನಕಾ." ರಾತ್ರಿ ಅಂಚಿಗೆ ಹೋಗಬೇಡಿ ಅಂತ. ನಾನು ಆ ಮೂರು ಕಲ್ಲಿನಿಂದ ಮುಂದೆ ಒಂದು ಹೆಜ್ಜೆಯೂ ಇಡುವುದಿಲ್ಲ.

9 ಗಂಟೆಗೆ ಬಂಡೆ. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 4, ಐಎಸ್‌ಒ 1600 (ಸೆನ್ಸರ್ ಬೆಳಕು ಹಿಡಿಯುವ ಸೂಕ್ಷ್ಮತೆ), ಶಟರ್ ಒಂದು ನಿಮಿಷ. ಇದರಿಂದ ಶುರು ಮಾಡಿ, ಕಲ್ಲು ಇನ್ನೂ ಕಪ್ಪಾಗಿದ್ದರೆ ಎರಡು ನಿಮಿಷ ಕೊಡಿ. ಕ್ಯಾಮೆರಾ ತಿದ್ದದ ಮೂಲ ರೂಪ, ಅಂದರೆ ರಾ ಫೈಲ್‌ನಲ್ಲೇ ತೆಗೆಯಿರಿ. ಕತ್ತಲಲ್ಲಿ ಕ್ಯಾಮೆರಾದ ಸ್ಕ್ರೀನ್ ಎಲ್ಲವನ್ನೂ ಚೆಂದ ತೋರಿಸಿ ಮೋಸ ಮಾಡುತ್ತದೆ, ಅದರ ಬ್ರೈಟ್‌ನೆಸ್ ಇಳಿಸಿ ಹಿಸ್ಟೋಗ್ರಾಂ (ಕಪ್ಪು ಎಡಕ್ಕೆ, ಬಿಳಿ ಬಲಕ್ಕೆ ತೋರಿಸುವ ಗ್ರಾಫ್) ನೋಡಿ. ಗ್ರಾಫ್ ಪೂರ್ತಿ ಎಡಗೋಡೆಗೆ ಅಂಟಿಕೊಂಡಿದ್ದರೆ ಬೆಳಕು ಸಾಲದು ಅಂತ ಅರ್ಥ.

ಫೋಕಸ್. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ಯಾಕಂದರೆ ನಾನು ಕೆಟ್ಟಿದ್ದು ಇಲ್ಲೇ. ಆಟೊ ಫೋಕಸ್ ಬಂದ್ ಮಾಡಿ. ಲೈವ್ ವ್ಯೂನಲ್ಲಿ ಒಂದು ದೊಡ್ಡ ನಕ್ಷತ್ರ ಹಿಡಿದು ಹತ್ತು ಪಟ್ಟು ಹಿಗ್ಗಿಸಿ, ರಿಂಗನ್ನು ನಿಧಾನ ತಿರುಗಿಸಿ. ಮೊದಲು ಅದು ಬಿಳಿ ಬೊಟ್ಟು, ಆಮೇಲೆ ಸಾಸಿವೆ ಕಾಳು, ಆಮೇಲೆ ಸೂಜಿಮೊನೆ. ಅಲ್ಲಿಂದಲೂ ಚೂರು ಮುಂದೆ ಹೋಗಿ, ಮತ್ತೆ ಊದತೊಡಗಿದರೆ ವಾಪಸ್ ಬನ್ನಿ. ಸೂಜಿಮೊನೆ ಸಿಕ್ಕ ಕ್ಷಣ ರಿಂಗಿಗೆ ಟೇಪ್ ಸುತ್ತಿ. ಒಂದು ಸಲ ಟೇಪ್ ಹಾಕದೆ, ಲೆನ್ಸ್ ಒರೆಸುವಾಗ ಕೈ ತಾಗಿ ರಿಂಗ್ ಸರಿದಿತ್ತು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ನಲವತ್ತು ಫೋಟೊಗಳಲ್ಲೂ ನಕ್ಷತ್ರದ ಬದಲು ಸಾಬೂದಾನಿ. ಪ್ರಪಾತ ದೂರದಲ್ಲಿರುವುದರಿಂದ ಬಂಡೆಗೂ ಆಕಾಶಕ್ಕೂ ಇದೇ ಫೋಕಸ್ ನಡೆಯುತ್ತದೆ, ಹಾಗಾಗಿ ನಾನು ಬಂಡೆಯ ಶಾಟ್‌ಗೂ ಮೊದಲೇ ಈ ಕೆಲಸ ಮುಗಿಸುತ್ತೇನೆ.

ಆಮೇಲೆ ಮಲಗಿ. ನಿಜವಾಗಿಯೂ.

3 ಗಂಟೆಗೆ ಆಕಾಶ. ವೈಶಾಖದಲ್ಲಿ 3ರಿಂದ 4ರ ಹೊತ್ತಿಗೆ ಆಕಾಶಗಂಗೆಯ ನಡುಭಾಗ ದಕ್ಷಿಣದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಕೆಂಪಗೆ ಹೊಳೆಯುವ ಜ್ಯೇಷ್ಠಾ ನಕ್ಷತ್ರ ಹುಡುಕಿ, ಅಲ್ಲಿಂದ ಚೇಳಿನ ಬಾಲದ ಗುಂಟ ಬನ್ನಿ. ಬಾಲದ ತುದಿಯೇ ಮೂಲಾ. ಜಾತಕ ನೋಡುವವರು ಹೆದರಿಸುತ್ತಾರಲ್ಲ, ಅದೇ. ನಮ್ಮ ಗ್ಯಾಲಕ್ಸಿಯ ಕೇಂದ್ರ ಅದರ ಹತ್ತಿರದ ದಿಕ್ಕಿನಲ್ಲೇ ಇದೆ.

ಭೂಮಿ ತಿರುಗುವುದರಿಂದ ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ನಕ್ಷತ್ರ ಗೆರೆಯಾಗುತ್ತದೆ. ಲೆಕ್ಕ ಸುಲಭ: 500ನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ. ಸಣ್ಣ ಸೆನ್ಸರ್ ಕ್ಯಾಮೆರಾ ಆದರೆ ಫೋಕಲ್ ಲೆಂತನ್ನು ಮೊದಲು 1.5ರಿಂದ ಗುಣಿಸಿಕೊಳ್ಳಿ. 18 ಎಂಎಂ ಕಿಟ್ ಲೆನ್ಸಿಗೆ ಸುಮಾರು 18 ಸೆಕೆಂಡ್ ಬರುತ್ತದೆ, ನಾನು 15ಕ್ಕೇ ನಿಲ್ಲಿಸುತ್ತೇನೆ. ಅಪರ್ಚರ್ ಪೂರ್ತಿ ತೆರೆಯಿರಿ, ಐಎಸ್‌ಒ 3200 ಅಥವಾ 6400. ಎರಡು ಸೆಕೆಂಡ್ ಟೈಮರ್ ಹಾಕಿ, ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಆಫ್. ಒಂದೇ ಫೋಟೊ ತೆಗೆದು ಏಳಬೇಡಿ, ಒಂದರ ಹಿಂದೆ ಒಂದು ಹದಿನೈದು ತೆಗೆಯಿರಿ. ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿಕೊಂಡಿದ್ದರೆ ಒಳ್ಳೆಯದು, ಬಿಳಿ ಬೆಳಕು ಒಂದು ಸಲ ಕಣ್ಣಿಗೆ ಬಿದ್ದರೆ ಕತ್ತಲಿಗೆ ಮತ್ತೆ ಒಗ್ಗಲು ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಬೇಕು.

ಕೊಂಕಣದ ಕಡೆಯಿಂದ ತೇವದ ಗಾಳಿ ಮೇಲೆ ಬರುತ್ತದೆ. ನಡುನಡುವೆ ಲೆನ್ಸ್ ಮುಟ್ಟಿ ನೋಡಬೇಡಿ, ಟಾರ್ಚ್ ಓರೆ ಹಿಡಿದು ನೋಡಿ. ಮಂಜು ಕೂತಿದ್ದರೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಬಾಯಿಂದ ಊದಿದರೆ ಇನ್ನೂ ಜಾಸ್ತಿಯಾಗುತ್ತದೆ.

ಮನೆಯಲ್ಲಿ. ಹದಿನೈದು ಆಕಾಶಗಳನ್ನು ಫೋಟೊ ಪೇರಿಸುವ ಸಾಫ್ಟ್‌ವೇರ್ ಸೀಕ್ವೇಟರ್‌ಗೆ ಕೊಡಿ, ವಿಂಡೋಸ್‌ನಲ್ಲಿ ಉಚಿತ. ಅದು ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ ಫೋಟೊದ ಕಾಳುಕಾಳು (ನಾಯ್ಸ್) ಕಡಿಮೆ ಮಾಡುತ್ತದೆ. ನಂತರ ಫೋಟೊ ತಿದ್ದುವ ಗಿಂಪ್‌ನಲ್ಲಿ 9 ಗಂಟೆಯ ಬಂಡೆಯನ್ನು ಇನ್ನೊಂದು ಲೇಯರ್ ಮಾಡಿ, ಅಂಚಿನ ಗುಂಟ ಮಾಸ್ಕ್ ಹಾಕಿ ಅದರ ಆಕಾಶ ಮರೆಮಾಡಿ. ಬಂಡೆಯ ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ, ಇಲ್ಲದಿದ್ದರೆ ಸ್ಟುಡಿಯೋದ ಪರದೆ ಹಾಗೆ ಕಾಣುತ್ತದೆ. ಯಾರಾದರೂ ಕೇಳಿದರೆ ಎರಡು ಫೋಟೊ ಸೇರಿಸಿದ್ದು ಅಂತ ಹೇಳಿಬಿಡಿ. ದಕ್ಷಿಣದ ಅಂಚಿನಲ್ಲಿ ಕೆಳಗೆ ಒಂದು ಕಿತ್ತಳೆ ಪಟ್ಟಿ ಬಂದಿರುತ್ತದೆ. ಅದು ಆ ಕಡೆಯ ಊರುಗಳ, ಅವುಗಳ ಆಚೆಗಿನ ನಮ್ಮ ಪುಣೆಯ ದೀಪ. ತುಂಬ ಜನ ಅದನ್ನು ಕಷ್ಟಪಟ್ಟು ಒರೆಸುತ್ತಾರೆ, ನಾನು ಸುಮ್ನೆ ಬಿಡುತ್ತೇನೆ.