ಹೆಲ್ಮ್ ಚಾರ್ಟ್ ಟೆಸ್ಟ್: ಇನ್‌ಸ್ಟಾಲ್ ಆದರೆ ಸಾಲದು, ಅಪ್‌ಗ್ರೇಡ್ ಮಾಡಿ ನೋಡಿ

ಆಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ ಕುಬರ್ನೆಟಿಸ್. ಅದರ ಮೇಲೆ ಆಪ್ ಇನ್‌ಸ್ಟಾಲ್ ಮಾಡುವ ಟೂಲ್ ಹೆಲ್ಮ್, ಅದಕ್ಕೆ ಕೊಡುವ ಟೆಂಪ್ಲೇಟ್‌ಗಳ ಕಟ್ಟು ಚಾರ್ಟ್. ನಾನು ಬರೆದ ಒಂದು ಚಾರ್ಟ್‌ನಲ್ಲಿ ವೆಬ್ ಆಪ್ ಇತ್ತು, ಜೊತೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಡೇಟಾಬೇಸ್ ಪಾಸ್‌ವರ್ಡನ್ನು ಟೆಂಪ್ಲೇಟ್ ಒಳಗೇ ರ‍್ಯಾಂಡಮ್ ಆಗಿ ಹುಟ್ಟಿಸುತ್ತಿದ್ದೆ. ಟೆಸ್ಟ್ ಎಲ್ಲಾ ಪಾಸ್. ಆದರೆ ಮುಂದಿನ ವರ್ಷನ್‌ಗೆ ಅಪ್‌ಗ್ರೇಡ್ ಮಾಡಿದ ಕೂಡಲೇ ಆಪ್‌ಗೆ ಡೇಟಾಬೇಸ್ ಬಾಗಿಲೇ ತೆರೆಯಲಿಲ್ಲ. ಟೆಂಪ್ಲೇಟ್ ಮತ್ತೊಮ್ಮೆ ಓಡಿ, ಸೀಕ್ರೆಟ್‌ನಲ್ಲಿ (ಕುಬರ್ನೆಟಿಸ್ ಪಾಸ್‌ವರ್ಡ್ ಇಡುವ ಜಾಗ) ಹೊಸ ಪಾಸ್‌ವರ್ಡ್ ಕೂತಿತ್ತು. ಪೋಸ್ಟ್‌ಗ್ರೆಸ್ ಇಮೇಜ್ (ಕಂಟೇನರ್ ಆಗಿ ಓಡುವ ಪ್ಯಾಕೇಜ್) ಆ ಪಾಸ್‌ವರ್ಡನ್ನು ಬಳಸುವುದು ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಮೊದಲ ಸಲ ಮಾತ್ರ. ಡಿಸ್ಕ್‌ನಲ್ಲಿದ್ದದ್ದು ಹಳೆಯದೇ.

ಅಂದಿನಿಂದ ನಾನು ಟೆಸ್ಟ್ ಕಟ್ಟುವುದು ಹೀಗೆ.

ಮೊದಲು ಕ್ಲಸ್ಟರ್ (ಕುಬರ್ನೆಟಿಸ್ ಓಡುವ ಯಂತ್ರಗಳ ಗುಂಪು) ಇಲ್ಲದೆ ಆಗುವ ಕೆಲಸ ಮುಗಿಸಿ. ಚಾರ್ಟ್‌ನ ತಪ್ಪು ಹುಡುಕುವ 'ಹೆಲ್ಮ್ ಲಿಂಟ್' ಓಡಿಸಿ, ಆದರೆ ಅದನ್ನು ಜಾಸ್ತಿ ನಂಬಬೇಡಿ. ಟೆಂಪ್ಲೇಟನ್ನು ತುಂಬಿಸಿ ತೋರಿಸುವ 'ಹೆಲ್ಮ್ ಟೆಂಪ್ಲೇಟ್' ಕೊಟ್ಟ ಔಟ್‌ಪುಟ್ಟನ್ನು, ಅದು ಕುಬರ್ನೆಟಿಸ್ ನಿಯಮಕ್ಕೆ ಸರಿಯಿದೆಯೇ ಎಂದು ನೋಡುವ ಕ್ಯೂಬ್‌ಕನ್‌ಫಾರ್ಮ್‌ಗೆ ಕೊಡಿ, ನಿಮ್ಮ ಕ್ಲಸ್ಟರ್‌ನ ವರ್ಷನ್ ತಪ್ಪದೆ ಹೇಳಿ. ಕುಬರ್ನೆಟಿಸ್ 1.22ರಲ್ಲಿ ಇನ್‌ಗ್ರೆಸ್‌ನ (ಹೊರಗಿನ ವೆಬ್ ಟ್ರಾಫಿಕನ್ನು ಒಳಗೆ ಕಳಿಸುವ ನಿಯಮ) ಹಳೆಯ ಬೀಟಾ ಎಪಿಐ ತೆಗೆದುಹಾಕಿದರಲ್ಲ, ಅಂಥವು ಇಲ್ಲೇ ಸಿಕ್ಕಿಬೀಳುತ್ತವೆ. ಯೂನಿಟ್ ಟೆಸ್ಟ್ ಬರೆಯುವುದಾದರೆ ಇಫ್-ಎಲ್ಸ್ ಇರುವ ಕಡೆ ಮಾತ್ರ ಬರೆಯಿರಿ. ಪ್ರತಿ ಸಾಲಿಗೂ ಟೆಸ್ಟ್ ಬರೆಯುವುದು ಸುಮ್ನೆ ಟೆಂಪ್ಲೇಟನ್ನು ಎರಡು ಸಲ ಬರೆದ ಹಾಗೆ.

ಆಮೇಲೆ ಸಿಐ (ಕೋಡ್ ಬದಲಾದಾಗೆಲ್ಲ ತಾನೇ ಟೆಸ್ಟ್ ಓಡಿಸುವ ವ್ಯವಸ್ಥೆ) ಒಳಗೇ ಕೈಂಡ್ ಕ್ಲಸ್ಟರ್ ಎಬ್ಬಿಸಿ; ಕೈಂಡ್ ಅಂದರೆ ಟೆಸ್ಟ್‌ಗೆಂದು ಒಂದೇ ಯಂತ್ರದಲ್ಲಿ ಪುಟ್ಟ ಕುಬರ್ನೆಟಿಸ್ ಎಬ್ಬಿಸುವ ಟೂಲ್. ನೀವೇ ಬಿಲ್ಡ್ ಮಾಡಿದ ಇಮೇಜ್ ಲೋಡ್ ಮಾಡುವಾಗ 'ಲೇಟೆಸ್ಟ್' ಟ್ಯಾಗ್ ಬೇಡ. ಆ ಟ್ಯಾಗ್ ಕಂಡರೆ ಕುಬರ್ನೆಟಿಸ್, ನೀವು ಬೇರೆ ಹೇಳದಿದ್ದರೆ, ಪ್ರತಿ ಸಲ ಇಮೇಜ್ ತರಲು ರಿಜಿಸ್ಟ್ರಿಗೇ (ಇಮೇಜ್‌ಗಳ ಆನ್‌ಲೈನ್ ಉಗ್ರಾಣ) ಓಡುತ್ತದೆ. ಎಲ್ಲಾ ರೆಡಿ ಆಗುವವರೆಗೆ ಕಾಯಲು ಇನ್‌ಸ್ಟಾಲ್‌ಗೆ ವೇಟ್ ಆಪ್ಷನ್ ಹಾಕಿ. ಆಪ್ ನಿಜಕ್ಕೂ ಸಿದ್ಧವೇ ಎಂದು ಕೇಳಿ ನೋಡುವ ರೆಡಿನೆಸ್ ಪ್ರೋಬ್ ಇಲ್ಲದಿದ್ದರೆ ಆ ವೇಟ್‌ಗೂ ಅರ್ಥವಿಲ್ಲ. ಕಂಟೇನರ್ ಶುರುವಾದದ್ದೇ ತಡ, ಅದನ್ನು ಹೊತ್ತ ಪಾಡ್ (ಕುಬರ್ನೆಟಿಸ್ ಓಡಿಸುವ ಚಿಕ್ಕ ಘಟಕ) ರೆಡಿ ಅಂದುಬಿಡುತ್ತದೆ.

ಇನ್ನು ಹೆಲ್ಮ್ ಟೆಸ್ಟ್ ಪಾಡ್, ಅಂದರೆ ಇನ್‌ಸ್ಟಾಲ್ ಆದ ಮೇಲೆ 'ಹೆಲ್ಮ್ ಟೆಸ್ಟ್' ಓಡಿಸುವ ಪಾಡ್. ಅದು ಸೊನ್ನೆ ಎಕ್ಸಿಟ್ ಕೋಡ್ ಕೊಟ್ಟರೆ ಪಾಸ್, ಅಷ್ಟೇ. ಆಪ್‌ನ ಹೆಲ್ತ್ ಪುಟಕ್ಕೆ ಒಂದು ಕರ್ಲ್ (ವೆಬ್ ಪುಟ ಕೇಳುವ ಕಮಾಂಡ್) ಹೊಡೆದು ಸುಮ್ಮನಾಗಬೇಡಿ. ಸರ್ವಿಸ್ ಹೆಸರಿನ ಮೂಲಕ ಹೋಗಿ ಒಂದು ರೆಕಾರ್ಡ್ ಬರೆಯಿರಿ, ವಾಪಸ್ ಓದಿ.

ಈಗ ನನ್ನನ್ನು ಕಾಡಿದ ಭಾಗ. ಮೊದಲು ಹಿಂದಿನ ರಿಲೀಸ್ ಇನ್‌ಸ್ಟಾಲ್ ಮಾಡಿ, ರೆಕಾರ್ಡ್ ಬರೆಯಿರಿ. ಅದರ ಮೇಲೆ ಹೊಸ ಚಾರ್ಟ್‌ಗೆ ಅಪ್‌ಗ್ರೇಡ್ ಮಾಡಿ, ಅದೇ ರೆಕಾರ್ಡ್ ಓದಿ. ಚಾರ್ಟ್-ಟೆಸ್ಟಿಂಗ್ ಟೂಲ್‌ನಲ್ಲಿ ಅಪ್‌ಗ್ರೇಡ್ ಆಪ್ಷನ್ ಇದೆ. ಆದರೆ ವರ್ಷನ್ ನಂಬರ್ ಪ್ರಕಾರ ಬ್ರೇಕಿಂಗ್ ಬದಲಾವಣೆ ಆದರೆ ಅದು ಈ ಹಂತವನ್ನೇ ಬಿಟ್ಟುಬಿಡುತ್ತದೆ. ಭಯ ಜಾಸ್ತಿ ಇರುವುದೇ ಅಲ್ಲಿ, ಅಲ್ವಾ? ಅದಕ್ಕೇ ನಾನು ನನ್ನದೇ ಸಣ್ಣ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ.

ಪಾಸ್‌ವರ್ಡ್ ಸಮಸ್ಯೆಗೆ ನಾನು ಬಳಸಿದ್ದು ಕ್ಲಸ್ಟರ್‌ನಲ್ಲಿ ಈಗ ಏನಿದೆ ಎಂದು ನೋಡುವ ಹೆಲ್ಮ್‌ನ 'ಲುಕಪ್': ಸೀಕ್ರೆಟ್ ಆಗಲೇ ಇದ್ದರೆ ಅದರಲ್ಲಿರುವುದನ್ನೇ ಇಟ್ಟುಕೋ, ಇಲ್ಲದಿದ್ದರೆ ಹೊಸದು ಮಾಡು. 'ಹೆಲ್ಮ್ ಟೆಂಪ್ಲೇಟ್' ಸಾಮಾನ್ಯವಾಗಿ ಕ್ಲಸ್ಟರ್ ಜೊತೆ ಮಾತಾಡುವುದಿಲ್ಲ, ಹಾಗಾಗಿ ಅಲ್ಲಿ ಲುಕಪ್ ಖಾಲಿ ಕೈಯಲ್ಲಿ ಬರುತ್ತದೆ. ಇದನ್ನು ನಿಜವಾದ ಅಪ್‌ಗ್ರೇಡ್‌ನಲ್ಲೇ ಪರೀಕ್ಷಿಸಬೇಕು.

ಇಷ್ಟಾದ ಮೇಲೂ ಒಂದು ಸಲ ಎಡವಿದೆ. ಅನ್‌ಇನ್‌ಸ್ಟಾಲ್ ಮಾಡಿ, ಅದೇ ನೇಮ್‌ಸ್ಪೇಸ್‌ನಲ್ಲಿ (ಕ್ಲಸ್ಟರ್‌ನೊಳಗಿನ ವಿಭಾಗ) ಮತ್ತೆ ಹಾಕಿದೆ. ಸೀಕ್ರೆಟ್ ಹೋಗಿತ್ತು. ಡೇಟಾಬೇಸ್ ಓಡಿಸುವ ಸ್ಟೇಟ್‌ಫುಲ್‌ಸೆಟ್ ಮಾಡಿಕೊಂಡಿದ್ದ ಡಿಸ್ಕ್ ಕ್ಲೇಮ್ ಮಾತ್ರ, ಹಳೆಯ ಡೇಟಾ ಸಮೇತ, ಹಾಗೇ ಉಳಿದಿತ್ತು. ಮತ್ತೆ ಅದೇ ಲಾಗಿನ್ ಎರರ್. ಈಗ ಆ ಸೀಕ್ರೆಟ್ ಮೇಲೆ ಅನ್‌ಇನ್‌ಸ್ಟಾಲ್ ಆದರೂ ಅಳಿಸಬೇಡ ಎನ್ನುವ 'ಕೀಪ್' ಪಾಲಿಸಿ ಇದೆ, ಸ್ಕ್ರಿಪ್ಟ್‌ನಲ್ಲಿ ಮೂರನೇ ಟೆಸ್ಟ್ ಇದೆ: ಹಾಕು, ತೆಗೆ, ಮತ್ತೆ ಹಾಕು, ಓದು.