ಪೀಕಿಂಗ್ ಯೂನಿವರ್ಸಿಟಿಗೆ ಅರ್ಜಿ ಹಾಕುವ ಮುಂಚೆ

ಬೀಜಿಂಗ್‌ಗೆ ಓದಲು ಹೊರಟವರು ನನ್ನನ್ನು ಮೊದಲು ಕೇಳುವುದು ಇದನ್ನೇ: ಪೀಕಿಂಗ್ ಯೂನಿವರ್ಸಿಟಿ ಒಳ್ಳೆಯದಾ, ಚಿಂಗ್‌ಹ್ವಾ ಯೂನಿವರ್ಸಿಟಿ ಒಳ್ಳೆಯದಾ? ಎರಡೂ ಬೀಜಿಂಗ್‌ನ ಹಾಯ್‌ದಿಯನ್ ಜಿಲ್ಲೆಯಲ್ಲಿ ಅಕ್ಕಪಕ್ಕದಲ್ಲೇ ಇವೆ. ನೀವು ಓದುವುದೇನು ಅನ್ನುವುದರ ಮೇಲೆ ಉತ್ತರ ನಿಂತಿದೆ. ಅದು ಅರ್ಥವಾಗಲು ಸ್ವಲ್ಪ ಇತಿಹಾಸ ಬೇಕು.

ಪೀಕಿಂಗ್ ಶುರುವಾಗಿದ್ದು 1898ರಲ್ಲಿ, ಚೀನಾವನ್ನು ಆಳಿದ ಕೊನೆಯ ರಾಜವಂಶವಾದ ಚಿಂಗ್ ದೊರೆಗಳ ಕಾಲದಲ್ಲಿ. ಆ ವರ್ಷ ದೊರೆ ತಂದ ಸುಧಾರಣೆಗಳೆಲ್ಲ ನೂರು ದಿನಕ್ಕೇ ಮುಗಿದವು. ಉಳಿದುಕೊಂಡ ಕೆಲವೇ ಕೆಲವುಗಳಲ್ಲಿ ಇದೂ ಒಂದು. 1917ರಲ್ಲಿ ತ್ಸಾಯ್ ಯುವಾನ್‌ಪೇಯ್ ಮುಖ್ಯಸ್ಥರಾಗಿ ಬಂದರು. ಬೇರೆ ಬೇರೆ ವಿಚಾರದವರನ್ನು ಒಂದೇ ಕಡೆ ಪಾಠಕ್ಕೆ ಕರೆತಂದರು. ಮೊದಲ ಮಹಾಯುದ್ಧದ ನಂತರ ಚೀನಾಕ್ಕೆ ಆದ ಅನ್ಯಾಯದ ವಿರುದ್ಧ ಎದ್ದ 1919ರ ಮೇ 4ರ ಚಳವಳಿಯಲ್ಲಿ ಇಲ್ಲಿನ ವಿದ್ಯಾರ್ಥಿಗಳೇ ಮುಂದಿದ್ದರು.

ನಿಮಗೆ ಮುಖ್ಯವಾದ ವರ್ಷ 1952. ಸೋವಿಯತ್ ಮಾದರಿಯಲ್ಲಿ ಕಾಲೇಜುಗಳನ್ನು ಕತ್ತರಿಸಿ ಜೋಡಿಸಿದರು. ಇಲ್ಲಿನ ಎಂಜಿನಿಯರಿಂಗ್ ಚಿಂಗ್‌ಹ್ವಾಗೆ ಹೋಯಿತು. ಅಲ್ಲಿನ ಕಲೆ, ವಿಜ್ಞಾನ ಇಲ್ಲಿಗೆ ಬಂತು. ವೈದ್ಯಕೀಯ ಬೇರೆಯಾಗಿ ಹೋಗಿ 2000ದಲ್ಲಿ ಮರಳಿತು. ಎಂಜಿನಿಯರಿಂಗ್ ಕಾಲೇಜನ್ನು ಮತ್ತೆ ಕಟ್ಟಿದ್ದು 2005ರಲ್ಲಿ. ಹಾಗಾಗಿ ಗಣಿತ, ಭೌತಶಾಸ್ತ್ರ, ಇತಿಹಾಸ, ತತ್ವಶಾಸ್ತ್ರ ಅಂದರೆ ಪೀಕಿಂಗ್. ಸಿವಿಲ್, ಮೆಕ್ಯಾನಿಕಲ್ ಓದುವವರು ಪಕ್ಕದ ಗೇಟನ್ನೂ ತಟ್ಟಿ ನೋಡಿ, ಸುಮ್ನೆ ಹೆಸರಿಗೆ ಮರುಳಾಗಬೇಡಿ.

ನಮ್ಮವರು ಜಾಸ್ತಿ ಗಮನಿಸದ ವಿಷಯವೊಂದು ಪೀಕಿಂಗ್‌ನಲ್ಲಿದೆ: ಭಾರತದ ಭಾಷೆ, ತತ್ವಶಾಸ್ತ್ರದ ಅಧ್ಯಯನ. 1917ರಿಂದ ಚೀನೀ ತತ್ವಜ್ಞಾನಿ ಲಿಯಾಂಗ್ ಶುಮಿಂಗ್ ಇಲ್ಲಿ ಭಾರತೀಯ ತತ್ವಶಾಸ್ತ್ರ ಕಲಿಸಿದರು. 1946ರಲ್ಲಿ ವಿದ್ವಾಂಸ ಜಿ ಷಿಯಾನ್‌ಲಿನ್ ಪೌರ್ವಾತ್ಯ ಭಾಷೆಗಳ ವಿಭಾಗ ಕಟ್ಟಿದರು. ವಾಲ್ಮೀಕಿ ರಾಮಾಯಣವನ್ನು ಸಂಸ್ಕೃತದಿಂದಲೇ ಚೀನೀ ಭಾಷೆಗೆ ತಂದವರು ಇವರು. 2008ರಲ್ಲಿ ನಮ್ಮ ಸರ್ಕಾರ ಪದ್ಮಭೂಷಣ ಕೊಟ್ಟಿತು. ಸಂಸ್ಕೃತ, ಪಾಳಿ, ಹಿಂದಿ, ಉರ್ದು ಈಗಲೂ ಕಲಿಸುತ್ತಾರೆ. ಬೌದ್ಧ ಗ್ರಂಥಗಳ ಮೇಲೆ ಪಿಎಚ್‌ಡಿ ಮಾಡುವ ಆಸೆಯಿದ್ದರೆ ಇಷ್ಟು ಹೊಂದುವ ಜಾಗ ಸಿಗುವುದು ಕಷ್ಟ.

ಪದವಿ ತರಗತಿಗಳು ಹೆಚ್ಚಾಗಿ ಚೀನೀ ಭಾಷೆಯಲ್ಲೇ ನಡೆಯುತ್ತವೆ. ಎಚ್‌ಎಸ್‌ಕೆ ಅನ್ನುವ ಚೀನೀ ಭಾಷಾ ಪರೀಕ್ಷೆ ಕೇಳುತ್ತಾರೆ. ಇಂಗ್ಲಿಷ್‌ನಲ್ಲೇ ಓದಬೇಕು ಅಂದರೆ ಮಾಸ್ಟರ್ಸ್‌ಗೆ ಬನ್ನಿ. ಚೀನಾ ಅಧ್ಯಯನಕ್ಕೆ ಪೀಕಿಂಗ್‌ನದೇ ಯೆನ್‌ಚಿಂಗ್ ಅಕಾಡೆಮಿ ಇದೆ, ಸ್ಕಾಲರ್‌ಶಿಪ್ ಕೂಡ ಕೊಡುತ್ತದೆ. ಎಂಬಿಎಗೆ ಇಲ್ಲಿನ ಗ್ವಾಂಗ್‌ಹ್ವಾ ಮ್ಯಾನೇಜ್‌ಮೆಂಟ್ ಸ್ಕೂಲ್ ಇದೆ. ಎಚ್‌ಎಸ್‌ಬಿಸಿ ಬಿಸಿನೆಸ್ ಸ್ಕೂಲ್ ಕೂಡ ಪೀಕಿಂಗ್‌ನದೇ, ಆದರೆ ಇರುವುದು ಶೆನ್‌ಜೆನ್‌ನಲ್ಲಿ, ಬೀಜಿಂಗ್‌ನಿಂದ ಸುಮಾರು 2,000 ಕಿಲೋಮೀಟರ್ ದೂರ! ಅರ್ಜಿಯಲ್ಲಿ ಕ್ಯಾಂಪಸ್ ಯಾವುದು ಅಂತ ಎರಡು ಸಲ ನೋಡಿ. ವೈದ್ಯಕೀಯ ಕ್ಯಾಂಪಸ್ ಕೂಡ ಮುಖ್ಯ ಆವರಣದಲ್ಲಿಲ್ಲ, ಷುಯೆಯುವಾನ್ ರಸ್ತೆಯಲ್ಲಿದೆ.

ಎಕ್ಸ್1, ಅಂದರೆ ದೀರ್ಘಾವಧಿ ಓದಿನ ವೀಸಾದಲ್ಲಿ ಬಂದವರು 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಲೇಬೇಕು. ಹಾಸ್ಟೆಲ್ ಬಿಟ್ಟು ಹೊರಗೆ ಮನೆ ಹಿಡಿದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಿ. ವಾಟ್ಸಾಪ್ ಇಲ್ಲಿ ನಡೆಯುವುದಿಲ್ಲ. ಹೊರಡುವ ಮುಂಚೆಯೇ ಚೀನಾದ ಮೆಸೇಜ್ ಆ್ಯಪ್ ವೀಚಾಟ್ ಹಾಕಿಕೊಂಡು ಅಮ್ಮನಿಗೂ ಕಲಿಸಿಬಿಡಿ. ಮೆಟ್ರೊ 4ನೇ ಲೈನ್‌ನಲ್ಲಿ ಬಂದು ಪೂರ್ವ ಗೇಟಿನ ನಿಲ್ದಾಣದಲ್ಲಿ ಇಳಿಯಿರಿ, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ.