ಗೆರೆ ಎಲ್ಲಿ ಎಳೆಯಬೇಕು? ಇಂಗ್ಲಿಷ್ ವಾಕ್ಯದಲ್ಲಿ ಸಬ್ಜೆಕ್ಟ್, ಪ್ರೆಡಿಕೇಟ್ ಗುರುತಿಸುವ ಬಗೆ

ಅಕ್ಕನ ಮಗಳು ಎಂಟನೇ ಕ್ಲಾಸು. ಹೋದ ವಾರ ಗ್ರಾಮರ್ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. 'ದಿ ಗ್ಲಾಸ್ ವಾಸ್ ಬ್ರೋಕನ್ ಬೈ ದಿ ಕ್ಯಾಟ್' ಅನ್ನೋ ವಾಕ್ಯದಲ್ಲಿ 'ದಿ ಕ್ಯಾಟ್' ಕೆಳಗೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ 'ಸಬ್ಜೆಕ್ಟ್' ಅಂತ ಬರಹ, ಅದರ ಮೇಲೆ ಕೆಂಪು ಇಂಕಿನ ತಪ್ಪು ಗುರುತು. "ಒಡೆದಿದ್ದು ಬೆಕ್ಕೇ ಅಲ್ವಾ ಮಾಮ, ಮತ್ಯಾಕೆ ತಪ್ಪು?" ಅಂದಳು.

ಒಳ್ಳೆಯ ಪ್ರಶ್ನೆ. ಸಬ್ಜೆಕ್ಟ್ ಅಂದರೆ ಕರ್ತೃ, ಕರ್ತೃ ಅಂದರೆ ಕೆಲಸ ಮಾಡಿದವನು ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಎಡವುವುದು ಅಲ್ಲೇ. ಕನ್ನಡದಲ್ಲಿ 'ಬೆಕ್ಕಿನಿಂದ ಲೋಟ ಒಡೆಯಲ್ಪಟ್ಟಿತು' ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ, 'ಬೆಕ್ಕು ಲೋಟ ಒಡೀತು' ಅಂತೀವಿ. ಹಾಗಾಗಿ ಮಾಡಿದವನು ಒಂದು ಕಡೆ, ಸಬ್ಜೆಕ್ಟ್ ಇನ್ನೊಂದು ಕಡೆ ಇರುವ ವಾಕ್ಯ ನಮಗೆ ಅಭ್ಯಾಸವೇ ಇಲ್ಲ. ಅದಕ್ಕೇ ಮಾಡಿದವರು ಯಾರು ಅಂತ ಹುಡುಕುವುದನ್ನು ಬಿಡಿ. ಬೇರೆ ದಾರಿ ಇದೆ.

ಮೊದಲು ಕ್ರಿಯಾಪದ ಹಿಡಿಯಿರಿ. ಅದಕ್ಕೆ ವಾಕ್ಯದ ಕಾಲ ಬದಲಿಸಿ ನೋಡಿ. 'ಮೈ ಗ್ರ್ಯಾಂಡ್‌ಮದರ್ ಮೇಕ್ಸ್ ಗುಡ್ ಪಿಕಲ್' ಅನ್ನುವುದನ್ನು ಹಿಂದಿನ ಕಾಲಕ್ಕೆ ತಂದರೆ 'ಮೇಕ್ಸ್' ಹೋಗಿ 'ಮೇಡ್' ಆಗುತ್ತದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ. ಬದಲಾದ ಪದವೇ ಕ್ರಿಯಾಪದ. ಸುಲಭ ಅನಿಸಿತಾ? ಈಗ ಇದನ್ನು ನೋಡಿ: 'ದಿ ಬಾಯ್ಸ್ ಪ್ಲೇಯಿಂಗ್ ನಿಯರ್ ದಿ ಟ್ಯಾಂಕ್ ಆರ್ ಮೈ ಕಸಿನ್ಸ್.' ಜಾಸ್ತಿ ಜನ 'ಪ್ಲೇಯಿಂಗ್' ಅಂತ ಬೆರಳು ತೋರಿಸುತ್ತಾರೆ. ಕಾಲ ಬದಲಿಸಿ. 'ಆರ್' ಹೋಗಿ 'ವರ್' ಬರುತ್ತದೆ, 'ಪ್ಲೇಯಿಂಗ್' ಅಲ್ಲಾಡುವುದೇ ಇಲ್ಲ. ಅಂದರೆ ಇಲ್ಲಿ ಕ್ರಿಯಾಪದ 'ಆರ್'.

ಆಮೇಲೆ ಅದರ ಎಡಕ್ಕೆ ಇರುವುದನ್ನೆಲ್ಲ ಒಟ್ಟಿಗೆ ತೆಗೆದು, ಆ ಜಾಗಕ್ಕೆ 'ಹಿ', 'ಶಿ', 'ಇಟ್', 'ದೇ' ಇವುಗಳಲ್ಲಿ ಒಂದನ್ನು ಹಾಕಿ. 'ದೇ ಆರ್ ಮೈ ಕಸಿನ್ಸ್' ಸರಿಯಾಗಿ ಕೂತಿತು. ಬರೀ 'ದಿ ಬಾಯ್ಸ್' ತೆಗೆದಿದ್ದರೆ 'ದೇ ಪ್ಲೇಯಿಂಗ್ ನಿಯರ್ ದಿ ಟ್ಯಾಂಕ್ ಆರ್' ಅಂತ ಅರ್ಧಂಬರ್ಧ ಆಗುತ್ತಿತ್ತು. ಹಾಗಾಗಿ 'ಟ್ಯಾಂಕ್' ಆದ ಮೇಲೆ ಗೆರೆ. ಗೆರೆಯ ಎಡಕ್ಕೆ ಇರುವುದು ಪೂರ್ತಿ ಸಬ್ಜೆಕ್ಟ್, ಬಲಕ್ಕೆ ಇರುವುದು ಪ್ರೆಡಿಕೇಟ್, ಅಂದರೆ ಸಬ್ಜೆಕ್ಟ್ ಬಗ್ಗೆ ಹೇಳುವ ಭಾಗ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು 'ಕೆರೆ ಹತ್ತಿರ ಆಡುತ್ತಿರುವ ಹುಡುಗರು' ಅಂತೀವಿ, ಮುಖ್ಯ ಪದ ಕೊನೆಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ 'ಬಾಯ್ಸ್' ಮೊದಲೇ ಬಂದುಬಿಡುತ್ತದೆ, ಉಳಿದದ್ದು ಬಾಲದ ಹಾಗೆ ಹಿಂದೆ ಬರುತ್ತದೆ. 'ಮಾವಿನ ಹಣ್ಣಿನ ಬಾಕ್ಸ್ ಭಾರ ಇದೆ' ಅನ್ನುವಾಗ ನಮಗೆ ಗೊಂದಲವಿಲ್ಲ. ಅದೇ 'ದಿ ಬಾಕ್ಸ್ ಆಫ್ ಮ್ಯಾಂಗೋಸ್' ಅಂತ ಬರೆದ ಕೂಡಲೇ ಪಕ್ಕದಲ್ಲಿರುವ 'ಮ್ಯಾಂಗೋಸ್' ನೋಡಿ ಕೈ ತಾನಾಗಿ 'ಆರ್ ಹೆವಿ' ಅಂತ ಬರೆದುಬಿಡುತ್ತದೆ. ಭಾರ ಇರುವುದು ಬಾಕ್ಸು, ಹಾಗಾಗಿ 'ಈಸ್'. ಸಬ್ಜೆಕ್ಟ್ ಗುರುತಿಸೋದು ಸುಮ್ನೆ ಪರೀಕ್ಷೆಯ 2 ಮಾರ್ಕಿಗೆ ಅಂದುಕೊಳ್ಳಬೇಡಿ. ದಿನಾ ಬರೆಯುವ ಇಮೇಲ್‌ನಲ್ಲಿ 'ಈಸ್', 'ಆರ್' ತಪ್ಪುವುದು ಇದೇ ಕಾರಣಕ್ಕೆ.

ಈಗ ಬೆಕ್ಕಿನ ವಿಷಯ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಬೆಕ್ಕುಗಳನ್ನು 10 ಮಾಡು, 'ವಾಸ್' ಬದಲಾಗುತ್ತಾ ನೋಡು. 'ದಿ ಗ್ಲಾಸ್ ವಾಸ್ ಬ್ರೋಕನ್ ಬೈ ಟೆನ್ ಕ್ಯಾಟ್ಸ್.' ಬದಲಾಗಲಿಲ್ಲ. ಈಗ ಲೋಟಗಳನ್ನು 10 ಮಾಡು. 'ಟೆನ್ ಗ್ಲಾಸಸ್ ವರ್ ಬ್ರೋಕನ್.' ಬದಲಾಯಿತು! ಕ್ರಿಯಾಪದ ಯಾರ ಮಾತು ಕೇಳುತ್ತದೋ ಅದೇ ಸಬ್ಜೆಕ್ಟ್. ನನಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ. ಒಂದೇ ಎಚ್ಚರ, 'ಬ್ರೋಕ್', 'ವೆಂಟ್' ತರಹದ ಪದಗಳು ಒಂದಿದ್ದರೂ ಹತ್ತಿದ್ದರೂ ಒಂದೇ ಥರ ಇರುತ್ತವೆ. ಅಂಥ ವಾಕ್ಯವನ್ನು ಮೊದಲು ಈಗಿನ ಕಾಲಕ್ಕೆ ತಂದುಕೊಂಡು ಆಮೇಲೆ ಪರೀಕ್ಷೆ ಮಾಡಿ.

ಇದೇ ಉಪಾಯ 'ದೇರ್ ಈಸ್ ಎ ಸ್ನೇಕ್ ಇನ್ ದಿ ವೆಲ್' ಅನ್ನುವುದಕ್ಕೂ ನಡೆಯುತ್ತದೆ. ಹಾವು 2 ಆದರೆ 'ದೇರ್ ಆರ್ ಟೂ ಸ್ನೇಕ್ಸ್'. ಹಾಗಾದರೆ ಸಬ್ಜೆಕ್ಟ್ ಹಾವು, 'ದೇರ್' ಅಲ್ಲ.

ಕನ್ನಡದಲ್ಲಿ 'ಬಂದೆ' ಅಂದರೆ ಸಾಕು, 'ನಾನು' ಅದರೊಳಗೇ ಇದೆ. ಇಂಗ್ಲಿಷ್‌ಗೆ ಅಷ್ಟು ಸಾಲದು, ಆ ಜಾಗ ಖಾಲಿ ಬಿಡುವ ಹಾಗಿಲ್ಲ. 'ಇಟ್ ಈಸ್ ರೇನಿಂಗ್' ಅನ್ನುವಲ್ಲಿ 'ಇಟ್' ಯಾವ ವಸ್ತುವನ್ನೂ ಹೇಳುವುದಿಲ್ಲ, ಆದರೂ ಸಬ್ಜೆಕ್ಟ್ ಅದೇ. 'ನನಗೆ ಹಸಿವಾಗಿದೆ' ಅನ್ನುವ 'ನನಗೆ' ಅಲ್ಲಿ 'ಐ' ಆಗಿ ಮುಂದೆ ಬರುತ್ತದೆ, 'ಐ ಆ್ಯಮ್ ಹಂಗ್ರಿ'. 'ಕ್ಲೋಸ್ ದಿ ಡೋರ್' ತರಹದ ಆಜ್ಞೆಯಲ್ಲಿ ಮಾತ್ರ 'ಯು' ಅಡಗಿರುತ್ತದೆ, ಕಾಣುವುದೆಲ್ಲ ಪ್ರೆಡಿಕೇಟ್.

ವಾಕ್ಯ ಪ್ರಶ್ನೆಯ ರೂಪದಲ್ಲಿದ್ದರೆ ಬಿಡಿಸಿ ಹೇಳಿಕೆ ಮಾಡಿಕೊಳ್ಳಿ. 'ವೇರ್ ಡಿಡ್ ಯುವರ್ ಬ್ರದರ್ ಗೋ' ಅನ್ನುವುದನ್ನು 'ಯುವರ್ ಬ್ರದರ್ ಡಿಡ್ ಗೋ ವೇರ್' ಅಂತ ಜೋಡಿಸಿದರೆ 'ಯುವರ್ ಬ್ರದರ್' ಸಿಗುತ್ತದೆ. 'ಆಫ್ಟರ್ ದಿ ರೇನ್' ಅಂತ ಶುರುವಾಗಿ ಕಾಮಾ ಬಂದರೆ ಆ ತುಂಡನ್ನು ಎತ್ತಿ ಕೊನೆಗೆ ಹಾಕಿ ನೋಡಿ, ಅದು ಪ್ರೆಡಿಕೇಟಿಗೆ ಸೇರಿದ್ದು.

ಇಷ್ಟಾದ ಮೇಲೆ ಅವಳಿಗೆ ಕಷ್ಟದ್ದೊಂದು ಕೊಟ್ಟೆ: 'ಆನ್ ದಿ ಹಿಲ್ ಸ್ಟ್ಯಾಂಡ್ಸ್ ಆ್ಯನ್ ಓಲ್ಡ್ ಟೆಂಪಲ್.' ಪೆನ್ಸಿಲ್ 'ಹಿಲ್' ಹತ್ತಿರ ಹೋಗಿ ನಿಂತಿತು. ಬೆಟ್ಟವನ್ನು 'ಹಿಲ್ಸ್' ಮಾಡಿದಳು, 'ಸ್ಟ್ಯಾಂಡ್ಸ್' ಹಾಗೇ ಇತ್ತು. ಗುಡಿಯನ್ನು 'ಟೆಂಪಲ್ಸ್' ಮಾಡಿ ಓದಿದಳು, ಬಾಯಿಗೆ ತಾನಾಗಿ 'ಸ್ಟ್ಯಾಂಡ್' ಬಂತು. ಗೆರೆಯನ್ನು 'ಆ್ಯನ್ ಓಲ್ಡ್ ಟೆಂಪಲ್' ಕೆಳಗೆ ಎಳೆದಳು.